ವಿಡಿಯೋ ಎಡಿಟಿಂಗ್ ಹೊರಗೆ ಕೊಟ್ಟು ಎರಡು ವರ್ಷ: ಉಳಿದದ್ದೇನು, ಕೈಕೊಟ್ಟದ್ದೆಲ್ಲಿ

ಬಳಸಿದ ಸೇವೆ: ತಿಂಗಳ ಒಪ್ಪಂದದ ಮೇಲೆ ಒಬ್ಬ ಫ್ರೀಲಾನ್ಸ್ ಎಡಿಟರ್, ವಾರಕ್ಕೊಂದರಂತೆ ತಿಂಗಳಿಗೆ 4 ವಿಡಿಯೋ. ಚಾನೆಲ್ ಹತ್ತನೇ ತರಗತಿ ಗಣಿತದ್ದು, ನಡೆಸುವುದು ಕಚೇರಿ ಕೆಲಸ ಮುಗಿದ ಮೇಲೆ.
ಅಂಕ: 5ಕ್ಕೆ 4. ಮೊದಲ ಎರಡು ತಿಂಗಳಿಗೆ ಮಾತ್ರ 2.

ಹತ್ತು ನಿಮಿಷದ ಪಾಠಕ್ಕೆ ರೆಕಾರ್ಡಿಂಗ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಎಡಿಟಿಂಗ್ ಐದಾರು ಗಂಟೆ ತಿನ್ನುತ್ತದೆ. ಮಕ್ಕಳಿಗೆ ಸಲ್ಲಬೇಕಾದ ಭಾನುವಾರ ಹೋಗುವುದು ಅಲ್ಲೇ. ಹೊರಗೆ ಕೊಟ್ಟ ಮೇಲೆ ನಮ್ಮ ಪಾಲಿಗೆ ಉಳಿಯುವುದು ಸೂಚನೆ ಬರೆಯುವ ಅರ್ಧ ಗಂಟೆ, ನೋಡಿ ತಿದ್ದುಪಡಿ ಹೇಳುವ ಮುಕ್ಕಾಲು ಗಂಟೆ. ಆದರೆ ಈ ಲೆಕ್ಕ ಕೂಡಿಬರುವುದು ಮೂರನೇ ತಿಂಗಳಿಂದ. ಅಲ್ಲಿಯವರೆಗೆ ಫೋನಿನಲ್ಲಿ ವಿವರಿಸುವುದರಲ್ಲೇ ಉಳಿದ ಹೊತ್ತೆಲ್ಲ ಕರಗುತ್ತದೆ. ಒಂದೇ ತಿಂಗಳು ನೋಡಿ ‘ಇದಕ್ಕಿಂತ ನಾವೇ ಮಾಡಿಕೊಳ್ಳುವುದು ವಾಸಿ’ ಎಂದು ಕೈಬಿಡುವವರು ದುಡುಕುತ್ತಾರೆ.

ಕಡತ ಕಳಿಸುವುದರಿಂದಲೇ ತೊಡಕು ಶುರು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ವಿಡಿಯೋ ಕಳಿಸಿದರೆ ಅದು ಗಾತ್ರ ಕುಗ್ಗಿಸುತ್ತದೆ, ಬೋರ್ಡಿನ ಮೇಲಿನ ಅಕ್ಷರ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದಂತೆಯೇ ಹೋಗುತ್ತದೆ. ಅದೂ ಸಾಲದು: 1080ಪಿ (ಫುಲ್ ಎಚ್‌ಡಿ) ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 130 ಎಂಬಿ ಆದರೆ, ಒಂದು ಪಾಠಕ್ಕೆ ತೆಗೆದ 40 ನಿಮಿಷದ ಕತ್ತರಿಸದ ವಿಡಿಯೋ 5 ಜಿಬಿ ದಾಟುತ್ತದೆ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿ ಮೂರು ಪಾಠಕ್ಕೂ ಸಾಲುವುದಿಲ್ಲ. ಜಾಗ ತುಂಬಿದರೆ ಜಿಮೇಲ್‌ಗೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ, ಏಕೆಂದರೆ ಮೇಲ್, ಫೋಟೋ, ಡ್ರೈವ್ ಮೂರಕ್ಕೂ ಅದೇ ಜಾಗ. ಚಾನೆಲ್ಲಿಗೆಂದೇ ಬೇರೆ ಖಾತೆ ತೆರೆಯಿರಿ. ಮುಗಿದ ಪಾಠದ ಮೂಲ ಕಡತಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಡ್ರೈವ್‌ನಿಂದ ಅಳಿಸಿ, ಟ್ರ್ಯಾಶನ್ನೂ ಖಾಲಿ ಮಾಡಿ.

ಮೊಬೈಲಿನಲ್ಲಿ ತೆಗೆದ ವಿಡಿಯೋದ ಇನ್ನೊಂದು ಕಾಟ, ಪಾಠ ಮುಂದೆ ಹೋದಂತೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದು. ಇದಕ್ಕೆ ಎಡಿಟರನ್ನು ದೂರಿ ಫಲವಿಲ್ಲ. ಫೋನು ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನು, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು, ಏರಿಳಿಸುತ್ತಿರುತ್ತದೆ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಕ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ, 30ಕ್ಕೆ ಇಟ್ಟು ಪರಿವರ್ತಿಸಿದರೆ ಸರಿಹೋಗುತ್ತದೆ. ಕಾಲರ್ ಮೈಕಿನ ಧ್ವನಿ ಬೇರೆ ಕಡತದಲ್ಲಿದ್ದರೆ, ಶುರುವಿನಲ್ಲೊಂದು ಚಪ್ಪಾಳೆ ತಟ್ಟಿ. ಎರಡನ್ನೂ ಹೊಂದಿಸಲು ಆ ಒಂದು ಸದ್ದು ಸಾಕು.

ಕನ್ನಡ ಅಕ್ಷರದ ವಿಷಯಕ್ಕೆ ಸ್ವಲ್ಪ ಹೆಚ್ಚೇ ಹೇಳಬೇಕು. ಒಳ್ಳೆಯ ಎಡಿಟರುಗಳೂ ಎಡವುವುದು ಇಲ್ಲೇ. ಕನ್ನಡ ಓದಲು ಬಾರದವರ ಕೈಗೆ ಸಿಕ್ಕರೆ ‘ಶಾಸ್ತ್ರ’ ಎಂಬುದು ತೆರೆಯ ಮೇಲೆ ‘ಶಾಸ್‌ತ್‌ರ’ ಆಗಿ ಒತ್ತಕ್ಷರ ಕಳಚಿ ನಿಲ್ಲುತ್ತದೆ, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೊದಲ್ಲಿ ಪ್ರೆಫರೆನ್ಸಸ್, ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನನ್ನು ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ ಎಂದು ಬದಲಿಸಿದರೆ ಒತ್ತು ಕೂಡಿಕೊಳ್ಳುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡಿನಲ್ಲೇ ಕಳಿಸಿ. ‘ನೋಟೋ ಸಾನ್ಸ್ ಕನ್ನಡ’, ‘ಬಾಲೂ ತಮ್ಮ’ ಎಂಬ ಯೂನಿಕೋಡ್ ಫಾಂಟುಗಳು ಎರಡೂ ಉಚಿತ, ತೆರೆಯ ಮೇಲೆ ಚೆನ್ನಾಗಿಯೂ ಓದಿಸಿಕೊಳ್ಳುತ್ತವೆ. ಶೀರ್ಷಿಕೆಗಳನ್ನು ಎಡಿಟರಿಂದ ಟೈಪ್ ಮಾಡಿಸಬೇಡಿ, ನಕಲಿಸಿ ಅಂಟಿಸಲಿ.

ಎಲ್ಲಿ ಕತ್ತರಿಸಬಾರದು ಎಂಬುದನ್ನು ಮಾತ್ರ ಪಾಠ ಮಾಡಿದವರೇ ಹೇಳಬೇಕು. ‘ಸಮಾಂತರ ಶ್ರೇಢಿಯ ಹತ್ತನೇ ಪದ ಎಷ್ಟು?’ ಎಂದು ಕೇಳಿ ನಾಲ್ಕು ಸೆಕೆಂಡ್ ಸುಮ್ಮನಿದ್ದರೆ, ಆ ಮೌನ ಮಕ್ಕಳು ಲೆಕ್ಕ ಮಾಡಲು ಬಿಟ್ಟದ್ದು. ಮೌನವನ್ನು ತಾನಾಗಿ ಕತ್ತರಿಸುವ ಉಪಕರಣ ಬಳಸುವ ಎಡಿಟರ್ ಅದನ್ನು ಮೊದಲು ಕಿತ್ತೆಸೆಯುತ್ತಾರೆ. ಪ್ರತಿ ಪಾಠದೊಂದಿಗೆ ಒಂದು ಪುಟದ ಚೀಟಿ ಹೋಗಲಿ: ಉಳಿಸಬೇಕಾದ ಮೌನಗಳ ನಿಮಿಷ-ಸೆಕೆಂಡ್, ತೆರೆಗೆ ಬರಬೇಕಾದ ಸೂತ್ರ, ತಪ್ಪು ಹೇಳಿ ಮತ್ತೆ ಹೇಳಿದ ಜಾಗ. ವಾಪಸ್ ಬಂದ ಮೇಲೆ ಸೂತ್ರದ ಪ್ರತಿ ಚಿಹ್ನೆಯನ್ನೂ ಬೆರಳಿಟ್ಟು ನೋಡಿ. ‘ಎನ್ − 1’ ಇದ್ದಲ್ಲಿ ‘ಎನ್ + 1’ ಬಂದರೆ ಇಡೀ ಪಾಠ ಕೆಟ್ಟಂತೆ.

ಹಣ ವಿಡಿಯೋಕ್ಕೆ ಇಷ್ಟೆಂದು ಗೊತ್ತುಮಾಡಿ, ಎರಡು ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿರಲಿ. ನಿಮಿಷದ ಲೆಕ್ಕದಲ್ಲಿ ಕೊಟ್ಟರೆ ಪಾಠ ವಿನಾಕಾರಣ ಉದ್ದವಾಗುತ್ತದೆ. ತಿದ್ದುಪಡಿಯನ್ನು ಬಿಡಿಬಿಡಿ ಸಂದೇಶಗಳಲ್ಲಿ ಹೇಳದೆ, ವಾರದ ಒಂದು ಸಂಜೆ ಕೂತು ಒಂದೇ ಪಟ್ಟಿಯಾಗಿ ಕಳಿಸಿ. ಊಟದ ಹೊತ್ತಿಗೆಲ್ಲ ಫೋನು ಗುಣುಗುಟ್ಟುತ್ತಿದ್ದರೆ ಹೊರಗೆ ಕೊಟ್ಟೂ ಮನೆಗೆ ಸಿಕ್ಕದ್ದು ಏನೂ ಇಲ್ಲ. ಬಿಲ್ ಪಡೆದು ಯುಪಿಐಯಲ್ಲೇ ಪಾವತಿಸಿ. ಚಾನೆಲ್ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ ಇದನ್ನು ಖರ್ಚೆಂದು ತೋರಿಸಲು ಅವು ಬೇಕಾಗುತ್ತವೆ. ಹಿನ್ನೆಲೆಗೆ ಸಿನಿಮಾ ಹಾಡಿನ ತುಣುಕು ಹಾಕಿದರೆ ಹಕ್ಕುದಾರರ ಕ್ಲೇಮ್ ಬಂದು ಆ ವಿಡಿಯೋದ ಆದಾಯ ಅವರ ಪಾಲಾಗಬಹುದು. ಯೂಟ್ಯೂಬ್ ಆಡಿಯೋ ಲೈಬ್ರರಿಯಿಂದಷ್ಟೇ ತೆಗೆದುಕೊಳ್ಳಬೇಕೆಂದು ಮೊದಲೇ ಬರೆದುಕೊಡಿ.

ಸರ್ಕಾರಿ ನೌಕರರು, ಅದರಲ್ಲೂ ಶಿಕ್ಷಕರು, ಒಂದು ಮಾತು ಗಮನಿಸಬೇಕು. ಕೆಲಸ ಬೇರೆಯವರಿಂದ ಮಾಡಿಸಿದರೂ ಗಳಿಕೆ ನಿಮ್ಮದೇ. 2021ರ ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳನ್ನು ಓದಿ, ಇಲಾಖೆಯ ಅನುಮತಿ ಕೇಳಿಯೇ ಮುಂದುವರಿಯಿರಿ.

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್, ಪರ್ಮಿಷನ್ಸ್‌ನಲ್ಲಿ ‘ಎಡಿಟರ್ (ಲಿಮಿಟೆಡ್)’ ಎಂದು ಸೇರಿಸಿದರೆ ಅವರು ಅಪ್‌ಲೋಡ್ ಮಾಡಬಹುದು, ಆದಾಯ ಕಾಣುವುದಿಲ್ಲ. ಅವರು ಬಿಟ್ಟುಹೋಗುವ ದಿನ ಅಲ್ಲಿಂದ ಹೆಸರು ತೆಗೆಯುವ ಮೊದಲು ಪ್ರಾಜೆಕ್ಟ್ ಕಡತಗಳನ್ನು ಇಳಿಸಿಕೊಳ್ಳಿ. ಡ್ರೈವ್‌ನಲ್ಲಿ ಹಂಚಿಕೊಂಡ ಫೋಲ್ಡರಿನಲ್ಲಿದ್ದರೂ ಅವರು ಹಾಕಿದ ಕಡತದ ಒಡೆತನ ಅವರ ಖಾತೆಯದೇ. ಅವರು ಅಳಿಸಿದರೆ ನಿಮ್ಮ ಶೀರ್ಷಿಕೆಯ ಟೆಂಪ್ಲೇಟೂ ಹೋದಂತೆ.