ಲಾಗ್ ಫೈಲ್ ಹೆಸರಿನಲ್ಲಿ ಪಿಐಡಿ ಕಂಡರೆ ಬಾಕಿ ದುಡ್ಡು ಕೊಡಬೇಡಿ

ಬೆಳಗಾವಿಯಲ್ಲಿ ಸೆಂಟ್ರಲ್ ಲಾಗ್ ಸರ್ವರ್ (ಎಲ್ಲ ಯಂತ್ರಗಳ ಲಾಗ್, ಅಂದರೆ ಆಗುಹೋಗುಗಳ ದಾಖಲೆ, ಒಂದೇ ಕಡೆ ಸೇರಿಸುವ ಸರ್ವರ್) ಹಾಕಿಸುವವರು ಯಾರಾದರೂ ಇದ್ದರೆ ಇದನ್ನು ಓದಿ ಆಮೇಲೆ ಮುಂಗಡ ಕೊಡಿ. ಪಿಐಡಿ ಅಂದರೆ ಪ್ರೋಗ್ರಾಂ ಓಡಿದಾಗಲೆಲ್ಲ ಸಿಸ್ಟಂ ಅದಕ್ಕೆ ಕೊಡುವ ನಂಬರ್. ಪಾರ್ಟಿ ಯಾರೆಂದು ಬರೆಯುವುದಿಲ್ಲ. ಕೆಲಸ ಹೇಗೆ ಮಾಡಿದರು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಉದ್ಯಮಬಾಗದ ಶೆಡ್ಡು, 30 ಲಿನಕ್ಸ್ ಯಂತ್ರ, ಲಾಗ್ ಸಂಗ್ರಹಿಸಲು ಆರ್‌ಸಿಸ್‌ಲಾಗ್ ಅನ್ನುವ ಪ್ರೋಗ್ರಾಂ. ಮಾತಾಗಿದ್ದು ಇಷ್ಟು: ಯಂತ್ರಕ್ಕೊಂದು ಫೋಲ್ಡರ್, ಅದರೊಳಗೆ ತಾರೀಖು, ಅದರೊಳಗೆ ಪ್ರೋಗ್ರಾಂ ಹೆಸರಿನ ಫೈಲ್. 22,000 ರೂಪಾಯಿ, ಅದರಲ್ಲಿ 17,500 ಮೊದಲೇ. ಡೆಮೊ ದಿನ ಎರಡು ಯಂತ್ರ ಜೋಡಿಸಿ ತೋರಿಸಿದರು. ಚೆಂದ ಬಂತು. ಎರಡೇ ಯಂತ್ರ ಇದ್ದಾಗ ಯಾವುದು ಚೆಂದ ಬರುವುದಿಲ್ಲ ಹೇಳಿ.

ಎರಡು ತಿಂಗಳಾಗುವಷ್ಟರಲ್ಲಿ ಲಾಗ್ ಬರುವುದೇ ನಿಂತಿತು. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್.’ ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಡಿಎಫ್ ಆಜ್ಞೆ ಹಾಕಿದರೆ 40 ಜಿಬಿ ಪಾರ್ಟಿಶನ್ನಿನಲ್ಲಿ ಅರ್ಧವೂ ತುಂಬಿಲ್ಲ. ಫೋನ್ ಮಾಡಿದೆ.

‘ಡಿಸ್ಕ್ ಸಣ್ಣದಾತ್ರಿ ಸಾಹೇಬ್ರ, 1 ಟಿಬಿ ಹಾಕಸ್ರಿ.’

ಖಾಲಿ ಐತಲ್ರೀ ಅಂದೆ.

‘ಹಂಗ ಕಾಣತೈತ್ರಿ. ಒಳಗ ತುಂಬಿರತೈತಿ.’

ಒಳಗ ತುಂಬಿರತೈತಿ! ಈ ಮಾತಿಗೆ ಹೂಂ ಅಂದು ಡಿಸ್ಕಿಗೆ ಕೊಟೇಶನ್ ತರಿಸಿದ್ದು ನೆನೆದರೆ ಈಗಲೂ ನಾಚಿಕೆ.

ಸಂಜೆ ಡಿಎಫ್‌ಗೆ ‘-ಐ’ ಸೇರಿಸಿ ನೋಡಿದಾಗ ಇನೋಡ್ 100%. ಪ್ರತಿ ಫೈಲಿಗೂ ಒಂದು ಇನೋಡ್ ಬೇಕು; ಅವು ಮುಗಿದರೆ ಜಾಗ ಇದ್ದರೂ ಹೊಸ ಫೈಲ್ ಹುಟ್ಟುವುದಿಲ್ಲ. ಒಂದು ಯಂತ್ರದ ಒಂದೇ ದಿನದ ಫೋಲ್ಡರ್ ತೆರೆದೆ. ‘ಕ್ರಾನ್[4121]:.ಲಾಗ್’, ‘ಕ್ರಾನ್[4187]:.ಲಾಗ್’, ‘ಕ್ರಾನ್[4260]:.ಲಾಗ್’... ಪರದೆ ನಿಲ್ಲದೆ ಓಡುತ್ತಿದೆ. ಪ್ರತಿ ಫೈಲಿನಲ್ಲಿ ಒಂದೇ ಸಾಲು. ಎಣಿಸಿದರೆ 1,440ರ ಮೇಲೆ. ದಿನಕ್ಕೆ ನಿಮಿಷ ಎಷ್ಟು? 1,440. ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ. ನಿಮಿಷಕ್ಕೊಮ್ಮೆ ಓಡುವ ಕ್ರಾನ್, ಪ್ರತಿ ಓಟಕ್ಕೂ ಹೊಸ ಫೈಲ್! 30 ಯಂತ್ರಕ್ಕೆ ದಿನಕ್ಕೆ 43,200. ಡಿಸ್ಕನ್ನು ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಂಗೆ ಸುಮ್ಮನೆ ಫಾರ್ಮ್ಯಾಟ್ ಮಾಡಿದರೆ 16 ಕೆಬಿಗೆ ಒಂದು ಇನೋಡ್, ಅಂದರೆ 40 ಜಿಬಿಗೆ ಸುಮಾರು 26 ಲಕ್ಷ. ಭಾಗಿಸಿ ನೋಡಿ, 60 ದಿನ.

ಕಾರಣ ಒಂದೇ ಪದ. ಫೈಲ್ ಹೆಸರು ಹೇಗಿರಬೇಕು ಎಂದು ಹೇಳುವ ಟೆಂಪ್ಲೇಟಿನಲ್ಲಿ %ಪ್ರೋಗ್ರಾಂನೇಮ್% ಇರಬೇಕಾದಲ್ಲಿ %ಸಿಸ್‌ಲಾಗ್‌ಟ್ಯಾಗ್% ಬರೆದಿದ್ದರು. ಟ್ಯಾಗ್ ಅಂದರೆ ಹೆಸರಿನ ಜೊತೆ ಚೌಕ ಕಂಸದಲ್ಲಿ ಪಿಐಡಿ, ಕೊನೆಗೆ ಕೋಲನ್ ಎಲ್ಲವೂ ಸೇರಿ. ‘ಪೋಸ್ಟ್‌ಫಿಕ್ಸ್/ಎಸ್‌ಎಂಟಿಪಿಡಿ’ ಥರದ ಟ್ಯಾಗ್ ಬಂದರೆ ನಡುವಿನ ಸ್ಲ್ಯಾಶಿನಿಂದ ಇನ್ನೊಂದು ಫೋಲ್ಡರ್ ಬೇರೆ ಹುಟ್ಟುತ್ತದೆ. ಹೊರಗಿನಿಂದ ಬಂದ ಹೆಸರನ್ನು ಫೈಲ್ ಹೆಸರಿಗೆ ಹಾಕುವಾಗ ಸ್ಲ್ಯಾಶ್ ಜಾಗದಲ್ಲಿ ಬೇರೆ ಅಕ್ಷರ ಹಾಕುವ ‘ಸೆಕ್‌ಪಾಥ್-ರಿಪ್ಲೇಸ್’ ಕೊಡಬೇಕು. ಅದೂ ಇರಲಿಲ್ಲ.

ಸ್ಕ್ರೀನ್‌ಶಾಟ್ ಕಳಿಸಿದರೆ ಉತ್ತರ: ‘ನಮ್ ಕಡೆ ಟೆಸ್ಟ್ ಪಾಸ್ ಆಗೈತ್ರಿ.’ ಜೊತೆಗೆ ಒಂದು ಫೋಟೊ. ಆರ್‌ಸಿಸ್‌ಲಾಗ್‌ಡಿ -ಎನ್1 ಓಡಿಸಿ ‘ಎಂಡ್ ಆಫ್ ಕಾನ್ಫಿಗ್ ವ್ಯಾಲಿಡೇಶನ್ ರನ್. ಬೈ.’ ಅಲ್ರೀ, ಅದು ಬರವಣಿಗೆಯ ವ್ಯಾಕರಣ ನೋಡುವ ಆಜ್ಞೆ. ತಪ್ಪು ಪ್ರಾಪರ್ಟಿಯನ್ನು (ಆ % ನಡುವಿನ ಪದವನ್ನು) ಸರಿಯಾದ ವ್ಯಾಕರಣದಲ್ಲಿ ಬರೆದರೆ ಪಾಸೇ ಆಗುತ್ತದೆ!

ಬಗೆದಷ್ಟೂ ಬಂತು. ಫೋಲ್ಡರಿಗೆ %ಹೋಸ್ಟ್‌ನೇಮ್%. ಅದು ಕಳಿಸುವ ಯಂತ್ರ ತಾನೇ ಹೇಳಿಕೊಂಡ ಹೆಸರು. ನಮ್ಮ ಮೂರು ಯಂತ್ರ ಒಂದೇ ಕ್ಲೋನ್, ಮೂರೂ ‘ಲೋಕಲ್‌ಹೋಸ್ಟ್’, ಮೂರರ ಲಾಗೂ ಒಂದೇ ಫೋಲ್ಡರಿನಲ್ಲಿ ಕಲಸುಮೇಲೋಗರ. ಅಲ್ಲಿ ಬೇಕಾದದ್ದು %ಫ್ರಂಹೋಸ್ಟ್-ಐಪಿ%, ಅಂದರೆ ಲಾಗ್ ಕಳಿಸಿದ ಯಂತ್ರದ ಐಪಿ ವಿಳಾಸ. ಒಮ್ಮೆಗೆ ಎಷ್ಟು ಫೈಲ್ ತೆರೆದಿಟ್ಟುಕೊಳ್ಳಬೇಕು ಎಂದು ಹೇಳುವ ಡೈನಾಫೈಲ್‌ಕ್ಯಾಶ್‌ಸೈಜ್ ಮುಟ್ಟಿಯೇ ಇಲ್ಲ. ಸುಮ್ಮನೆ ಬಿಟ್ಟರೆ ಅದು 10. 30 ಯಂತ್ರದ ಫೈಲ್‌ಗಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಸರ್ವರ್ ಏದುಸಿರು ಬಿಡುತ್ತಿತ್ತು.

‘180 ದಿವ್ಸ ಆದ್ಮ್ಯಾಲ ಹಳೇವು ತಾವ ಹೊಕ್ಕಾವ್ರಿ’ ಅಂದಿದ್ದರು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ ನಿರ್ದೇಶನದಲ್ಲಿ 180 ದಿನ ಲಾಗ್ ಇಟ್ಟುಕೊಳ್ಳಿ ಅಂದಿದೆ, ಅದರ ಹೆಸರು ಹೇಳಿಯೇ ಮಾರಿದ್ದು. ಆದರೆ ಮಾಡಿದ್ದು ಹಳೆ ಲಾಗ್‌ಗಳನ್ನು ಸರದಿಯಂತೆ ಅಳಿಸುವ ಲಾಗ್‌ರೊಟೇಟ್‌ನಲ್ಲಿ ‘ರೊಟೇಟ್ 180’. ಅದು ದಿನ ಅಲ್ಲ, ಹಳೆ ಪ್ರತಿಗಳನ್ನು ಎಣಿಸುತ್ತದೆ, ಅದೂ ಪ್ರತಿ ಫೈಲಿಗೂ ಬೇರೆ ಬೇರೆ ಲೆಕ್ಕ. ಹೆಸರಿನಲ್ಲೇ ತಾರೀಖು ಇದ್ದರೆ ಆ ದಿನ ಕಳೆದ ಮೇಲೆ ಆ ಫೈಲಿಗೆ ಒಂದು ಸಾಲೂ ಬೀಳುವುದಿಲ್ಲ. ಮತ್ತೆ 180ರ ಎಣಿಕೆ ಮುಗಿಯುವುದು ಯಾವಾಗ? ಇಂಥ ಕಡೆ ಫೈಲ್ ಹುಡುಕುವ ಫೈಂಡ್ ಆಜ್ಞೆಗೆ ‘-ಎಂಟೈಮ್ +180 -ಡಿಲೀಟ್’ ಕೊಟ್ಟು ಕ್ರಾನ್‌ಗೆ ಹಾಕಬೇಕು.

ನೀವು ಮಾಡಬೇಕಾದ್ದು: ಕೊನೆ ಕಂತು ಕೊಡುವ ಮೊದಲು ಒಂದು ಯಂತ್ರದಿಂದ, ಪರೀಕ್ಷೆಗೆ ಒಂದು ಲಾಗ್ ಸಾಲು ಕಳಿಸುವ ‘ಲಾಗರ್ -ಐ -ಟಿ’ ಮುಂದೆ ಯಾವುದಾದರೂ ಹೆಸರು, ಒಂದು ಮಾತು ಕೊಟ್ಟು ಎರಡು ಸಲ ಓಡಿಸಿ. ಸರ್ವರ್‌ನಲ್ಲಿ ಒಂದೇ ಫೈಲ್, ಎರಡು ಸಾಲು ಬಂದರೆ ಸರಿ. ಎರಡು ಫೈಲ್ ಬಂದರೆ ಅವರನ್ನು ಅಲ್ಲೇ ಕೂರಿಸಿಕೊಂಡು ತಿದ್ದಿಸಿ. ಚಹಾ ಬೇಕಾದರೆ ಕುಡಿಸಿ, ಚೆಕ್ ಮಾತ್ರ ಬೇಡ.

ಟೆಂಪ್ಲೇಟ್ ಕೊನೆಗೆ ನಾವೇ ತಿದ್ದಿ ಸರ್ವಿಸ್ ರೀಸ್ಟಾರ್ಟ್ ಮಾಡಿದೆವು. ಹನ್ನೊಂದು ದಿನದ ಲಾಗ್ ಹೋದದ್ದು ಹೋಯಿತು. ಮರುವಾರ ಅವರಿಂದ ಬಿಲ್ಲು ಬಂತು: ಬಾಕಿ 4,500, ಅದರ ಕೆಳಗೆ ‘ಲಾಗ್ ಸರ್ವರ್ ಟ್ಯೂನಿಂಗ್, ಫೋನ್ ಸಪೋರ್ಟ್: 1,500’.