ದಂತದ ಹಿಡಿಯ ಬೆಳ್ಳಿ ಕರಣೆಗಿಂತ ಬೆಳ್ಳಿ ಲೇಪದ ಕರಣೆಯೇ ನನಗೆ ಮೇಲು

ನನ್ನ ಮೇಜಿನ ಮೇಲೆ ಮೂರು ಕರಣೆಗಳಿವೆ. ಮೊದಲನೆಯದು ಅಪ್ಪಟ ಬೆಳ್ಳಿಯದು. ಅಲಗಿನ ಮೇಲೆ 1876ರ ಬರಹ, ಹಿಡಿ ಕೆತ್ತನೆಯ ದಂತ. ಎರಡನೆಯದು ಬೆಳ್ಳಿ ಲೇಪದ್ದು. 1904ರದು, ಕರಿಮರದ ಹಿಡಿ. ಮೂರನೆಯದು ಬೆರಳುದ್ದದ ಬೆಳ್ಳಿ ಕರಣೆ, ಮುತ್ತಿನ ಚಿಪ್ಪಿನ ಹಿಡಿಯದು, ಪುಸ್ತಕದಲ್ಲಿ ಪುಟದ ಗುರುತಿಗೆ ಇಡುವಂಥದು. ಮೊದಲನೆಯದಕ್ಕೆ 234 ಪೌಂಡ್ ಕೊಟ್ಟೆ, ಎರಡನೆಯದಕ್ಕೆ 48, ಮೂರನೆಯದಕ್ಕೆ 35. ಇನ್ನೊಮ್ಮೆ ಕೊಳ್ಳುವ ಅವಕಾಶ ಬಂದರೆ ಎರಡನೆಯದನ್ನೇ ಕೊಳ್ಳುತ್ತೇನೆ. ಮೊದಲನೆಯದು ನನ್ನನ್ನು ಎಷ್ಟು ಸತಾಯಿಸಿತು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ವಸ್ತುವಿನ ಪರಿಚಯ ಇಲ್ಲದವರಿಗಾಗಿ ಒಂದು ಮಾತು. ಬ್ರಿಟನ್ನಿನಲ್ಲಿ ಕಟ್ಟಡಕ್ಕೆ ಅಡಿಗಲ್ಲು ಇಡುವ ಅತಿಥಿಯ ಕೈಗೆ ಬೆಳ್ಳಿಯ ಕರಣೆ ಕೊಡುವ ಪದ್ಧತಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಊರೂರಿಗೂ ಹರಡಿತ್ತು. ಅತಿಥಿ ಅದರಿಂದ ಒಂದಿಷ್ಟು ಗಾರೆ ಸವರುತ್ತಾರೆ, ಕಲ್ಲು ಕೂರುತ್ತದೆ, ಕರಣೆ ಅವರಿಗೇ ಉಡುಗೊರೆ. ಅಲಗಿನ ಮೇಲೆ ಕಟ್ಟಡದ ಹೆಸರು, ಅತಿಥಿಯ ಹೆಸರು, ತಾರೀಖು ಕೊರೆದಿರುತ್ತದೆ. ಜೊತೆಗೆ ಕೆಲವೊಮ್ಮೆ ಕಲ್ಲಿಗೆ ತಟ್ಟುವ ಮರದ ಕೊಡತಿಯೂ ಸಿಗುತ್ತಿತ್ತು.

ನನ್ನ ತಂದೆ ಬೆಂಗಳೂರಿನಲ್ಲಿ ಗಾರೆ ಮೇಸ್ತ್ರಿಯಾಗಿದ್ದರು. ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ ವಿಷಯವನ್ನು ನನಗೆ ಮೊದಲು ಹೇಳಿದವರು ಅವರೇ. “ಯುವರಾಜ ಒಂದು ಸಲ ಕರಣೆ ಆಡಿಸಿರುತ್ತಾನೆ ಮಗನೇ, ರಸಮಟ್ಟ ಇಟ್ಟು ನೋಡಿದವನು ಮೇಸ್ತ್ರಿ” ಎಂದಿದ್ದರು. ಇಪ್ಪತ್ತು ವರ್ಷಗಳ ನಂತರ ಕೆಲಸಕ್ಕೆಂದು ಬರ್ಮಿಂಗ್ಹ್ಯಾಮ್‌ಗೆ ಬಂದಾಗ, ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಬೆಳ್ಳಿಯ ಕರಣೆಯೊಂದನ್ನು ಕಂಡು ಬಹಳ ಹೊತ್ತು ಅಲ್ಲೇ ನಿಂತುಬಿಟ್ಟೆ. ಅಂದು ಕೊಳ್ಳಲು ಹಣವಿರಲಿಲ್ಲ. ಆಸೆ ಮಾತ್ರ ಅಂದೇ ಹತ್ತಿತು.

ದಂತದ ಹಿಡಿಯ ಕರಣೆ ಬಂದದ್ದು 2017ರಲ್ಲಿ, ಒಂದು ಹರಾಜಿನಲ್ಲಿ. 180 ಪೌಂಡಿಗೆ ಕೂಗು ನಿಂತಿತು. ಹರಾಜಿನವರ ಕಮಿಷನ್ ಮತ್ತು ಅದರ ಮೇಲಿನ ತೆರಿಗೆ ಸೇರಿ 234 ಆಯಿತು. ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಒತ್ತಿದ ಮುದ್ರೆಗಳೆಲ್ಲ ಕಣ್ಣಿಗೆ ಹಬ್ಬ. ಸ್ಟರ್ಲಿಂಗ್, ಅಂದರೆ ಶೇಕಡಾ 92.5ರಷ್ಟು ಶುದ್ಧ ಬೆಳ್ಳಿ ಎನ್ನುವ ನಡೆಯುವ ಸಿಂಹ, ಬರ್ಮಿಂಗ್ಹ್ಯಾಮ್‌ನ ಲಂಗರು, ವರ್ಷದ ಅಕ್ಷರ, ತಯಾರಕರ ಮೊದಲಕ್ಷರಗಳು, ಕೊನೆಗೆ ರಾಣಿಯ ತಲೆ. ಈ ತಲೆ ಬೆಳ್ಳಿಯ ಮೇಲಿನ ಸುಂಕ ಕಟ್ಟಿದ್ದಕ್ಕೆ ಗುರುತು. 1784ರಿಂದ 1890ರವರೆಗೆ ಮಾತ್ರ ಒತ್ತುತ್ತಿದ್ದರು. ಆದ್ದರಿಂದ ವರ್ಷದ ಅಕ್ಷರ ಸವೆದಿದ್ದರೂ ತಲೆಯೊಂದು ಕಂಡರೆ ವಸ್ತು 1890ಕ್ಕಿಂತ ಈಚಿನದಲ್ಲ ಎಂದು ಹೇಳಬಹುದು. 1773ರವರೆಗೆ ಬರ್ಮಿಂಗ್ಹ್ಯಾಮ್‌ನವರು ತಮ್ಮ ಬೆಳ್ಳಿಗೆ ಮುದ್ರೆ ಹಾಕಿಸಲು ಚೆಸ್ಟರ್‌ನಂಥ ದೂರದ ಊರಿಗೆ ಕಳುಹಿಸಬೇಕಿತ್ತು. ಅಲ್ಲಿನ ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಹಟ ಹಿಡಿದು ಓಡಾಡಿದ ಮೇಲೆ ಆ ವರ್ಷ ಊರಿಗೇ ಪರೀಕ್ಷಾ ಕಚೇರಿ ಬಂತು. ಲಂಗರನ್ನು ನೋಡಿದಾಗಲೆಲ್ಲ ನನಗೆ ಆ ಓಡಾಟ ನೆನಪಾಗುತ್ತದೆ.

ಹರಾಜಿನ ಪಟ್ಟಿಯಲ್ಲಿ ಹಿಡಿಯನ್ನು “ಮೂಳೆ” ಎಂದು ನಮೂದಿಸಿದ್ದರು. ನಾನು ನಂಬಿದೆ. ಆರು ವರ್ಷ ಗಾಜಿನ ಬೀರುವಿನಲ್ಲಿಟ್ಟು ಸಂತೋಷಪಟ್ಟೆ. 2023ರಲ್ಲಿ ಊರಿಗೆ ಮರಳುವ ಯೋಚನೆ ಬಂದಾಗ, ಇದನ್ನು ಮಾರಿ ಆ ಹಣದಲ್ಲಿ ನಾಲ್ಕು ಸಣ್ಣ ಕರಣೆಗಳನ್ನು ಕೊಳ್ಳೋಣ ಎಂದುಕೊಂಡು ಒಬ್ಬ ಹಿರಿಯ ವ್ಯಾಪಾರಿಯ ಬಳಿ ಒಯ್ದೆ. ಅವರು ಅಲಗನ್ನು ನೋಡಲೇ ಇಲ್ಲ. ಹಿಡಿಯ ಬುಡವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು, ಕರಣೆಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು. “ಇದನ್ನು ನಾನು ಮುಟ್ಟುವಂತಿಲ್ಲ” ಎಂದರು.

ಬುಡದಲ್ಲಿ ಅವರು ಕಂಡದ್ದನ್ನು ನನಗೂ ತೋರಿಸಿದರು. ಎರಡು ದಿಕ್ಕಿನಿಂದ ಬಂದ ಸಣ್ಣ ಕಮಾನು ಗೆರೆಗಳು ಒಂದನ್ನೊಂದು ದಾಟಿ ಚಾಪೆಯ ಹೆಣಿಗೆಯಂತೆ ಹರಡಿದ್ದವು. ಆನೆಯ ದಂತವನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಗುರುತು ಅದು. ಮೂಳೆಯಾದರೆ ಆ ಹೆಣಿಗೆ ಇರುವುದಿಲ್ಲ. ಬದಲಿಗೆ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕಿಗಳು, ಉದ್ದಕ್ಕೆ ನೋಡಿದರೆ ಸಣ್ಣ ಗೀರುಗಳು ಕಾಣುತ್ತವೆ. ದಂತವನ್ನು ಅನುಕರಿಸಿದ ಸೆಲ್ಯುಲಾಯ್ಡ್ ಹಿಡಿಗಳಲ್ಲಿ ಗೆರೆಗಳಿದ್ದರೂ ಅಡ್ಡಕೊಯ್ತದಲ್ಲಿ ಆ ಹೆಣಿಗೆ ಬರುವುದಿಲ್ಲ. ಕಾಸಿದ ಸೂಜಿ ಚುಚ್ಚಿ ನೋಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ, ಕಲೆ ಶಾಶ್ವತವಾಗಿ ಉಳಿಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜು ಮತ್ತು ಓರೆಯಾಗಿ ಬೀಳುವ ಬೆಳಕು ಸಾಕು.

ಬ್ರಿಟನ್ನಿನ ದಂತ ಕಾಯ್ದೆ 2018ರದು, ಜಾರಿಯಾದದ್ದು 2022ರ ಜೂನ್ 6ರಂದು. ಆನೆಯ ದಂತವಿರುವ ವಸ್ತುವನ್ನು ಅದರ ವಯಸ್ಸು ಎಷ್ಟೇ ಇರಲಿ, ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕೆಲವೇ ವಿನಾಯಿತಿಗಳಿವೆ. ನನ್ನಂಥವರಿಗೆ ಹತ್ತಿರದ್ದು ಎಂದರೆ, 1947ರ ಮಾರ್ಚ್ 3ಕ್ಕಿಂತ ಹಿಂದಿನ ವಸ್ತುವಾಗಿದ್ದು, ಅದರ ಗಾತ್ರದಲ್ಲಿ ದಂತದ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ನೋಂದಾಯಿಸಿ ಮಾರಬಹುದು ಎನ್ನುವುದು. ಇಲ್ಲಿ ಲೆಕ್ಕಕ್ಕೆ ಬರುವುದು ತೂಕವಲ್ಲ, ಗಾತ್ರ. ನನ್ನ ಕರಣೆಯ ಹಿಡಿ ತಿರುಪಿನದು, ಆದ್ದರಿಂದ ಬಿಚ್ಚಿ ತೂಗಿದೆ. ಬೆಳ್ಳಿ 120 ಗ್ರಾಂ, ಅಂದರೆ ಸುಮಾರು 11.5 ಘನ ಸೆಂಟಿಮೀಟರ್. ಹಿಡಿ 11 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ದಪ್ಪ, ಅಂದರೆ ಸುಮಾರು 34 ಘನ ಸೆಂಟಿಮೀಟರ್. ಒಟ್ಟು ಗಾತ್ರದಲ್ಲಿ ಮುಕ್ಕಾಲು ಪಾಲು ದಂತವೇ! ತೂಕದಲ್ಲಿ ಬೆಳ್ಳಿ ಗೆದ್ದರೂ ಕಾನೂನಿನ ಲೆಕ್ಕದಲ್ಲಿ ನನ್ನದು ಬೆಳ್ಳಿ ಹಚ್ಚಿದ ದಂತ. ಕಾಯ್ದೆ ಮೀರಿದರೆ ಎರಡೂವರೆ ಲಕ್ಷ ಪೌಂಡ್‌ವರೆಗೆ ದಂಡ ಅಥವಾ ಐದು ವರ್ಷದವರೆಗೆ ಜೈಲು.

ಊರಿಗೆ ಒಯ್ಯುವ ಮಾತಂತೂ ಇಲ್ಲವೇ ಇಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರ ತಿದ್ದುಪಡಿ ಆಫ್ರಿಕಾದ ದಂತದ ವ್ಯಾಪಾರವನ್ನೂ ಮುಚ್ಚಿತು. ನಾಗರಹೊಳೆಯಲ್ಲಿ, ಬಂಡೀಪುರದಲ್ಲಿ ಆನೆಗಳ ಹಿಂಡು ನೋಡಿ ಬೆಳೆದ ನನಗೆ ಈ ಕಾಯ್ದೆಗಳ ಮೇಲೆ ಎಳ್ಳಷ್ಟೂ ಕೋಪವಿಲ್ಲ. ಕೋಪವಿರುವುದು ಪಟ್ಟಿಯಲ್ಲಿ “ಮೂಳೆ” ಎಂದು ಬರೆದ ಕೈಯ ಮೇಲೆ. ಹಿಡಿಯನ್ನು ಬದಲಿಸಿ ಮರದ್ದು ಹಾಕಿಸಿ ಎಂದು ಒಬ್ಬರು ಹೇಳಿದರು. ಹಾಗೆ ಮಾಡಿದರೆ ಅದು 1876ರ ಕರಣೆಯಾಗಿ ಉಳಿಯುವುದಿಲ್ಲ, ನನ್ನ ಮನಸ್ಸು ಒಪ್ಪಲಿಲ್ಲ. ಇಟ್ಟುಕೊಳ್ಳುವುದಕ್ಕೆ, ಹಣ ಪಡೆಯದೆ ಕೊಡುವುದಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಆ ಕಟ್ಟಡ ಇರುವ ಊರಿನ ವಸ್ತುಸಂಗ್ರಹಾಲಯಕ್ಕೆ ಪತ್ರ ಬರೆದಿದ್ದೇನೆ.

ಇನ್ನು ಲೇಪದ ಕರಣೆ. ಲೋಹ ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. “ನಿಕ್ಕಲ್ ಸಿಲ್ವರ್” ಎಂದು ಅದರ ಹೆಸರಿನಲ್ಲಿ ಬೆಳ್ಳಿ ಇದ್ದರೂ ಒಳಗೆ ಬೆಳ್ಳಿಯ ಕಣವೂ ಇಲ್ಲ. ಮೇಲೆ ವಿದ್ಯುತ್ತಿನಿಂದ ಕೂರಿಸಿದ ತೆಳು ಬೆಳ್ಳಿಯ ಪದರ. ಈ ವಿದ್ಯೆಗೆ ಎಲ್ಕಿಂಗ್ಟನ್‌ನವರು 1840ರಲ್ಲಿ ಪೇಟೆಂಟ್ ಪಡೆದದ್ದೂ ಇದೇ ಬರ್ಮಿಂಗ್ಹ್ಯಾಮ್‌ನಲ್ಲಿ. ಇದರಿಂದ ಕರಣೆಯ ಬೆಲೆ ಸಾಮಾನ್ಯರ ಕೈಗೆಟುಕಿತು, ಹಾಗಾಗಿ ಸಣ್ಣ ಊರಿನ ಶಾಲೆ, ಪ್ರಾರ್ಥನಾಮಂದಿರ, ಗ್ರಂಥಾಲಯಗಳೂ ಕರಣೆ ಮಾಡಿಸಿದವು. ಮೆಥಡಿಸ್ಟರಂಥ ಕ್ರೈಸ್ತ ಪಂಥಗಳ ಮಂದಿರಗಳಲ್ಲಿ ಅಡಿಗಲ್ಲು ಒಂದಲ್ಲ. ದೇಣಿಗೆ ಕೊಟ್ಟ ಐದಾರು, ಏಳೆಂಟು ಜನ ಸಾಲಾಗಿ ಒಂದೊಂದು ಕಲ್ಲು ಇಡುತ್ತಿದ್ದರು. ಹಾಗೆ ಕಲ್ಲು ಇಟ್ಟವರಲ್ಲಿ ಹೆಂಗಸರೂ ಇರುತ್ತಿದ್ದರು.

ನನ್ನ 48 ಪೌಂಡಿನ ಕರಣೆ ಅಂಥ ಒಬ್ಬ ಗೃಹಿಣಿಯದು. ಬರಹದಲ್ಲಿದ್ದ ಊರು ನನ್ನ ಮನೆಯಿಂದ ಬಸ್ಸಿನಲ್ಲಿ 50 ನಿಮಿಷ. ಒಂದು ಶನಿವಾರ ಕರಣೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಮಂದಿರ ಈಗ ನೆಲಹಾಸಿನ ಅಂಗಡಿ. ಗೋಡೆಯ ಬುಡದಲ್ಲಿ ಎಂಟು ಮರಳುಗಲ್ಲುಗಳಿವೆ. ಐದನ್ನು ಓದಬಹುದು, ಮೂರು ಪದರ ಎದ್ದು ಉದುರಿಹೋಗಿವೆ. ಓದಬಹುದಾದ ಐದರಲ್ಲಿ ಆಕೆಯ ಹೆಸರಿಲ್ಲ. ಉಳಿದ ಮೂರರಲ್ಲಿ ಯಾವುದೋ ಒಂದು ಆಕೆಯದಾಗಿರಬೇಕು. ಕಲ್ಲಿನ ಮೇಲೆ ಅಳಿಸಿಹೋದ ಹೆಸರು ನನ್ನ ಕೈಯಲ್ಲಿದ್ದ ಅಲಗಿನ ಮೇಲೆ ಸ್ಪಷ್ಟವಾಗಿತ್ತು. ಅಂಗಡಿಯವರನ್ನು ಕರೆದು ತೋರಿಸಿದೆ. ಅವರು ಬಾಗಿಲು ಬಿಟ್ಟು ಬಂದು ಆ ಮೂರು ಕಲ್ಲುಗಳ ಮುಂದೆ ನನ್ನೊಂದಿಗೆ ನಿಂತರು. 234 ಪೌಂಡಿನ ಕರಣೆ ಆರು ವರ್ಷದಲ್ಲಿ ನನಗೆ ಅಂಥ ಒಂದು ಮಧ್ಯಾಹ್ನವನ್ನೂ ಕೊಟ್ಟಿರಲಿಲ್ಲ.

ಅದರ ಕೆಳಮೈಯಲ್ಲಿ ಅಲಗಿನ ಮೊನೆಯಿಂದ ಹಿಂದಕ್ಕೆ ಎಳೆದ ನಾಲ್ಕೈದು ಒರಟು ಗೀರುಗಳಿವೆ. ಗಾರೆಯ ಮರಳು ಮಾಡಿದ ಗೀರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತಂದೆಯ ಕರಣೆಯ ಅಡಿಯಲ್ಲಿ ಅಂಥವು ಸಾವಿರ ಇದ್ದವು. ಮಾರುವವರು ಇದನ್ನು ದೋಷವೆಂದು ಬೆಲೆ ಇಳಿಸುತ್ತಾರೆ ಅಥವಾ ತಿಕ್ಕಿ ಹೊಳಪಿಸಿಬಿಡುತ್ತಾರೆ. ಗೀರಿರುವ ಕರಣೆ ಕೆಲಸ ಮಾಡಿದ ಕರಣೆ. ಸಿಕ್ಕರೆ ಬಿಡಬೇಡಿ.

ಲೇಪದ ಕರಣೆಗೆ ದೋಷಗಳಿಲ್ಲವೆಂದಲ್ಲ. ಅಂಚಿನಲ್ಲಿ ಬೆಳ್ಳಿ ಸವೆದು ಮಾಸಲು ಹಳದಿ ಇಣುಕುತ್ತದೆ. ಮತ್ತೆ ಲೇಪ ಹಾಕಿಸಿದ ಕರಣೆಯನ್ನು ಕೊಳ್ಳಲೇಬೇಡಿ: ಲೇಪಕ್ಕೆ ಮೊದಲು ಉಜ್ಜುವಾಗ ಅಕ್ಷರಗಳ ಅಂಚು ಮೊಂಡಾಗುತ್ತದೆ, ಬರಹ ಸತ್ತಂತೆ ಕಾಣುತ್ತದೆ. ಬೆರಳಿನ ತುದಿಯಿಂದ ಅಕ್ಷರವನ್ನು ಸವರಿ, ಚೂಪು ತಿಳಿಯಬೇಕು. ಅಮ್ಮ ಮನೆಯ ಬೆಳ್ಳಿ ದೀಪಗಳನ್ನು ವಿಭೂತಿಯಿಂದ ಬೆಳಗುತ್ತಿದ್ದರು. ಅಪ್ಪಟ ಬೆಳ್ಳಿ ಅದನ್ನು ತಡೆಯುತ್ತದೆ, ಲೇಪ ತಡೆಯುವುದಿಲ್ಲ. ನಾನು ಮೆತ್ತನೆಯ ಹತ್ತಿ ಬಟ್ಟೆ ಬಿಟ್ಟು ಬೇರೇನೂ ಬಳಸುವುದಿಲ್ಲ.

ಲೇಪದ ಸಾಮಾನು ಮಾಡುವವರು ಇ, ಪಿ, ಎನ್, ಎಸ್ (ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್) ಅಕ್ಷರಗಳನ್ನು ಪುಟ್ಟ ಗುರಾಣಿಗಳೊಳಗೆ ಸಾಲಾಗಿ ಒತ್ತುತ್ತಿದ್ದರು, ದೂರದಿಂದ ಅಸಲಿ ಮುದ್ರೆಯಂತೆಯೇ ಕಾಣುತ್ತದೆ. ಸಿಂಹ ಹುಡುಕಿ. ಸಿಂಹವಿಲ್ಲದಿದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್ ಎಂದು ಹಣ ಕೊಡಬೇಡಿ.

ಪುಟದ ಗುರುತಿನ ಕರಣೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಬರ್ಮಿಂಗ್ಹ್ಯಾಮ್‌ನ ಅಡೀ ಅಂಡ್ ಲವ್‌ಕಿನ್ ಥರದ ಸಣ್ಣ ಬೆಳ್ಳಿ ಸಾಮಾನಿನ ತಯಾರಕರ ಮುದ್ದಾದ ಕೆಲಸ. ಅಲಗನ್ನು ಸೀಳಿ ನಾಲಿಗೆಯಂತೆ ಬಿಡಿಸಿರುತ್ತಾರೆ, ಹಾಳೆ ಆ ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಕಾಗದಕ್ಕೆ ಹಾಕಿದರೆ ಹರಿಯುತ್ತದೆ, ಚಿಪ್ಪಿನ ಹಿಡಿ ಬೇಗ ಅಲುಗಾಡುತ್ತದೆ. ಆದರೆ ಮುದ್ರೆಗಳು ಪೂರ್ತಿ ಇರುತ್ತವೆ, ಚಿಪ್ಪಿಗೆ ದಂತದ ಕಾಯ್ದೆಯ ಕಾಟವಿಲ್ಲ. ಮುದ್ರೆ ಓದುವುದನ್ನು ಕಲಿಯಲು 35 ಪೌಂಡಿನ ಪಾಠವೆಂದು ಹೊಸಬರಿಗೆ ಇದನ್ನೇ ಹೇಳುತ್ತೇನೆ. ಇದರ ಮೇಲೆ ಯಾರ ಹೆಸರೂ ಇಲ್ಲವಾದ್ದರಿಂದ ನನ್ನ ಮನಸ್ಸು ಅಲ್ಲಿ ನಿಲ್ಲುವುದಿಲ್ಲ.

ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನ, ದೇವರ ಮೂರ್ತಿಗಳನ್ನು ಉಬ್ಬಿಸಿದ ಬೆಳ್ಳಿ ಸಾಮಾನನ್ನೂ ಇಲ್ಲಿನ ಹರಾಜುಗಳಲ್ಲಿ ನೋಡಿದ್ದೇನೆ. ಬಹಳ ಚೆಲುವಾದ ಕೆಲಸ. ಬೆಲೆ ನನ್ನ ಅಳತೆಗೆ ಮೀರಿದ್ದು, ಅಷ್ಟೇ.

ಒಳ್ಳೆಯ ಸಂಬಳ ಇರುವವರು, ಬ್ರಿಟನ್ನಿನಲ್ಲೇ ನೆಲೆಸುವವರು ಅಪ್ಪಟ ಬೆಳ್ಳಿಯ ಕರಣೆಯನ್ನೇ ಬಯಸಿದರೆ, ಮರದ ಹಿಡಿ ಅಥವಾ ಬೆಳ್ಳಿಯದೇ ಹಿಡಿ ಇರುವುದನ್ನು ನೋಡಿ ಕೊಳ್ಳಿ. ಬೆಳ್ಳಿಯ ಹಿಡಿ ಸಾಮಾನ್ಯವಾಗಿ ಟೊಳ್ಳಾಗಿದ್ದು ಒಳಗೆ ರಾಳ ತುಂಬಿರುತ್ತದೆ, ಆದ್ದರಿಂದ ಪಟ್ಟಿಯಲ್ಲಿರುವ ತೂಕವನ್ನೆಲ್ಲ ಬೆಳ್ಳಿ ಎಂದು ಎಣಿಸಬೇಡಿ. ನಾನು ತಿಂಗಳಿಗೆ 50 ಪೌಂಡ್ ತೆಗೆದಿಡುವವನು, ಶನಿವಾರ ಬಸ್ಸು ಹತ್ತುವವನು, ಎರಡು ವರ್ಷದಲ್ಲಿ ದಂತದ್ದೊಂದನ್ನು ಬಿಟ್ಟು ಇವನ್ನೆಲ್ಲ ಸೂಟ್‌ಕೇಸಿನಲ್ಲಿಟ್ಟು ಬೆಂಗಳೂರಿಗೆ ಒಯ್ಯುವವನು. ನನಗೆ ಲೇಪದ್ದೇ ಸರಿ. ಕಳೆದ ವಾರ 1911ರದೊಂದು 41 ಪೌಂಡಿಗೆ ಸಿಕ್ಕಿತು, ಒಂದು ಭಾನುವಾರದ ಶಾಲೆಯದು. ಈ ಶನಿವಾರ ಮಳೆ ಬಾರದಿದ್ದರೆ ಆ ಕಲ್ಲನ್ನು ಹುಡುಕಿಕೊಂಡು ಹೋಗುತ್ತೇನೆ.