ಕಂಪನಿ ಒಂದೇ, ಲ್ಯಾಪ್‌ಟಾಪ್ ಎರಡು, ಅನುಭವವೂ ಎರಡು ಥರ

ನಮ್ಮ ಮನೆಯಲ್ಲಿ ಒಂದೇ ಕಂಪನಿಯ ಎರಡು ಲ್ಯಾಪ್‌ಟಾಪ್ ಇವೆ. ನನ್ನದು 2022ರ ಜೂನ್‌ನಲ್ಲಿ ಹುಬ್ಬಳ್ಳಿಯಲ್ಲಿ ತಗೊಂಡಿದ್ದು, 58 ಸಾವಿರ ಕೊಟ್ಟೆ. ಭಾವನದ್ದು 2018ರದ್ದು. ನನ್ನದು ಮೂರು ವರ್ಷದೊಳಗೆ ಎರಡು ಸಲ ಸರ್ವಿಸ್ ಸೆಂಟರ್‌ನಲ್ಲಿ ವಾರಗಟ್ಟಲೆ ಕೂತು ಬಂತು. ಭಾವನದ್ದು ಇವತ್ತಿಗೂ ದಿನಾ ಕೆಲಸ ಮಾಡುತ್ತಿದೆ. ಅದಕ್ಕೇ ಕಂಪನಿ ಹೆಸರು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಓದಿದವರು ಆ ಕಂಪನಿ ಬೇಡ ಎಂದು ಇನ್ನೊಂದು ಕಂಪನಿಯ ಅಂಥದ್ದೇ ಲ್ಯಾಪ್‌ಟಾಪ್ ತಗೊಂಡು ಬರುತ್ತಾರೆ. ಕಷ್ಟ ಹಾಗೇ ಉಳಿಯುತ್ತದೆ.

ನಾನು ಶಿರಸಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಅಡಿಕೆ ವ್ಯಾಪಾರಿಗಳದ್ದೇ ಜಾಸ್ತಿ, ಜೊತೆಗೆ ಒಂದೆರಡು ಕಿರಾಣಿ ಅಂಗಡಿ. ತಿಂಗಳ 11ರೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ಲೆಕ್ಕ ಹೋಗಬೇಕು, 20ರೊಳಗೆ ತೆರಿಗೆ ಕಟ್ಟುವ 3ಬಿ ಹೋಗಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ. ಲ್ಯಾಪ್‌ಟಾಪ್ ಕೈಕೊಟ್ಟರೆ ನನ್ನೊಬ್ಬಳ ಕೆಲಸ ನಿಲ್ಲುವುದಲ್ಲ, ನನ್ನನ್ನು ನಂಬಿದ ಅಷ್ಟೂ ಜನರ ಕೆಲಸ ನಿಲ್ಲುತ್ತದೆ.

2024ರ ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆ ಮುಚ್ಚಳ ತೆರೆದೆ, ಎಡಗಡೆ ಟಕ್ ಎಂದಿತು. ನೋಡಿದರೆ ಸ್ಕ್ರೀನಿನ ಕೆಳಗಿನ ಅಂಚು ಬಾಯಿ ಬಿಟ್ಟಿದೆ, ಒಳಗಿನ ವೈರ್ ಕಾಣುತ್ತಿದೆ. ಬಿದ್ದಿಲ್ಲ, ಯಾರೂ ಎಳೆದಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳೂ ಇಲ್ಲ. ಇಪ್ಪತ್ತು ತಿಂಗಳು ಮೇಜಿನ ಮೇಲೆ ಕೂತೇ ಇದ್ದ ಮಷೀನು.

ಇದಕ್ಕೆ ಹಿಂಜ್, ಅಂದರೆ ಮುಚ್ಚಳದ ಕೀಲು, ಹೋಗುವುದು ಎನ್ನುತ್ತಾರೆ. ಒಳಗೆ ಏನಾಗುತ್ತದೆ ಎಂದು ನಮ್ಮೂರಿನ ರಿಪೇರಿ ಹುಡುಗ ಆಮೇಲೆ ಬಿಚ್ಚಿ ತೋರಿಸಿದ. ಹಿಂಜ್ ಕಬ್ಬಿಣದ್ದೇ, ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದರ ಸ್ಕ್ರೂ ಹೋಗಿ ಕೂರುವುದು ಹಿತ್ತಾಳೆಯ ಪುಟ್ಟ ನಟ್ಟುಗಳಲ್ಲಿ, ಆ ನಟ್ಟುಗಳನ್ನು ಕೂರಿಸಿರುವುದು ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಗೂಟಗಳಲ್ಲಿ. ದಿನ ಹೋದ ಹಾಗೆ ಹಿಂಜ್ ಬಿಗಿಯಾಗುತ್ತದೆ. ಮುಚ್ಚಳ ತೆರೆದಾಗಲೆಲ್ಲ ಆ ಬಲವೆಲ್ಲ ಪ್ಲಾಸ್ಟಿಕ್ ಗೂಟದ ಮೇಲೆ ಬೀಳುತ್ತದೆ. ಒಂದು ದಿನ ಗೂಟ ಮುರಿದು ನಟ್ಟು ಸಮೇತ ಕಿತ್ತು ಬರುತ್ತದೆ. ಒಂದೇ ಮೂಲೆ ಹಿಡಿದು ಎತ್ತುವ ರೂಢಿ ಇದ್ದರೆ ಆ ಕಡೆಯದ್ದು ಬೇಗ ಹೋಗುತ್ತದಂತೆ. ನಡುವೆ ಹಿಡಿದು ತೆರೆಯಿರಿ, ಹಿಂಜ್ ಬಿಗಿ ಆಗಿದೆ ಅನ್ನಿಸಿದರೆ ಮುರಿಯುವ ಮೊದಲೇ ಸ್ವಲ್ಪ ಸಡಿಲ ಮಾಡಿಸಿ. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು.

ಮೊದಲ ವರ್ಷದ ವಾರಂಟಿ ಮುಗಿದಿದ್ದರೂ ನಾನು ಕೊಳ್ಳುವಾಗಲೇ ದುಡ್ಡು ಕಟ್ಟಿ ಇನ್ನೂ ಎರಡು ವರ್ಷ ಮುಂದುವರಿಸಿದ್ದೆ. ಆ ಧೈರ್ಯದ ಮೇಲೆ ಫೋನ್ ಮಾಡಿದೆ. ಆಗ ಗೊತ್ತಾಯಿತು, ನನ್ನದು ಕ್ಯಾರಿ-ಇನ್ ವಾರಂಟಿ. ಅಂದರೆ ಅವರು ಬರುವುದಿಲ್ಲ, ನಾವೇ ಹೊತ್ತುಕೊಂಡು ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವಾಗ ಕತ್ತಲು.

ಸರ್ವಿಸ್ ಸೆಂಟರ್‌ನಲ್ಲಿ ಟೋಕನ್ ಕೊಟ್ಟು ಕೂರಿಸಿದರು. ಒಂದೂವರೆ ಗಂಟೆ ಆದ ಮೇಲೆ ಕೌಂಟರಿನ ಹುಡುಗ ಹೊರಗಿನಿಂದಲೇ ನೋಡಿ ಹೇಳಿದ: "ಮೇಡಂ, ಇದು ಸಿಐಡಿ. ವಾರಂಟಿಯಲ್ಲಿ ಬರೋದಿಲ್ಲ." ಸಿಐಡಿ ಅಂದರೆ ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್, ಗ್ರಾಹಕರೇ ಮಾಡಿಕೊಂಡ ಹಾಳು. ಅವರ ಬಾಯಲ್ಲಿ ಅದು ದಿನಾ ಬರುವ ಶಬ್ದ. ನನಗಂತೂ ಕಳ್ಳತನ ಹೊರಿಸಿದ ಹಾಗಾಯಿತು. ಎಸ್ಟಿಮೇಟ್ 14,800 ರೂಪಾಯಿ. ಹಿಂಜ್ ಒಂದನ್ನೇ ಹಾಕುವುದಿಲ್ಲವಂತೆ, ಸ್ಕ್ರೀನ್, ಹಿಂದಿನ ಕವರ್, ಹಿಂಜ್ ಎಲ್ಲ ಸೇರಿ ಒಂದೇ ಸೆಟ್ಟು. ಚೆನ್ನಾಗಿರುವ ಸ್ಕ್ರೀನಿಗೂ ನಾನು ದುಡ್ಡು ಕೊಡಬೇಕು. ಒಪ್ಪದಿದ್ದರೆ ಪರೀಕ್ಷೆ ಮಾಡಿದ್ದಕ್ಕೆ ಚಾರ್ಜ್ ಕಟ್ಟಿ ವಾಪಸ್ ಒಯ್ಯಬಹುದು.

ನಾನು ಒಪ್ಪಲಿಲ್ಲ. ಅಲ್ಲೇ ಕೂತು ನಾಲ್ಕೂ ಮೂಲೆಯ ಫೋಟೋ ತೆಗೆದೆ. ಎಲ್ಲೂ ತಗ್ಗಿಲ್ಲ, ಗೀರಿಲ್ಲ. ಬಿದ್ದ ಲ್ಯಾಪ್‌ಟಾಪ್ ಆದರೆ ಮೂಲೆಯಲ್ಲಿ ಗುರುತು ಇರಬೇಕಲ್ವಾ? ಒಳಗಿನ ಗೂಟ ಮುರಿದ ಫೋಟೋ ಕೊಡಿ, ಇದು ಯಾಕೆ ಗ್ರಾಹಕರ ತಪ್ಪು ಎಂದು ಬರವಣಿಗೆಯಲ್ಲಿ ಕೊಡಿ ಎಂದೆ. ಫೋಟೋ ಕೊಟ್ಟರು. ಬರವಣಿಗೆಯಲ್ಲಿ ಮಾತ್ರ, ಅವರ ಜಾಬ್ ಶೀಟ್ ಎಂಬ ರಿಪೇರಿ ಚೀಟಿಯಲ್ಲಿ, "ಫಿಸಿಕಲ್ ಡ್ಯಾಮೇಜ್" ಎಂಬ ಎರಡೇ ಶಬ್ದ. ಆ ಜಾಬ್ ಶೀಟೇ ಆಮೇಲೆ ಕೆಲಸಕ್ಕೆ ಬಂತು.

ಕಂಪನಿಯ ಟೋಲ್ ಫ್ರೀ ನಂಬರಿಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿಂದ ಕಥೆ. ಮಾತು ಬಹಳ ಮೆತ್ತಗೆ, ಕೆಲಸ ಮಾತ್ರ ಇಲ್ಲ. ಹನ್ನೆರಡನೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಬಿಲ್ಲು, ಜಾಬ್ ಶೀಟು, ಫೋಟೋ ಎಲ್ಲ ಕಳಿಸಿದೆ, ದೂರಿನ ನಂಬರ್ ಬಂತು. ಅದೇ ನಂಬರ್ ಹಾಕಿ ಕಂಪನಿಗೆ ಒಂದು ಇಮೇಲ್ ಬರೆದೆ. ದಿನಾಂಕ ಹಾಕಿ ನಡೆದದ್ದು ನಡೆದ ಹಾಗೆ ಬರೆದೆ, ಕೊನೆಗೆ ಇಷ್ಟೇ ಹೇಳಿದೆ: ಹದಿನೈದು ದಿನದಲ್ಲಿ ಸರಿಮಾಡದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇದು ಸುಮ್ನೆ ಹೆದರಿಸಿದ್ದಲ್ಲ, ಹೋಗುವವಳೇ ಇದ್ದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಆಫೀಸು ಬೆಂಗಳೂರಲ್ಲಿದೆ, ಗುರುಗ್ರಾಮದಲ್ಲಿದೆ ಎಂದು ಅಲ್ಲಿಗೆ ಓಡಬೇಕಾಗಿಲ್ಲ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ, ವಕೀಲರು ಇರಲೇಬೇಕು ಎಂದೂ ಇಲ್ಲ. ತೊಂದರೆಯಾಗಿ ಎರಡು ವರ್ಷದೊಳಗೆ ಕೊಡಬೇಕು. ಈ ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ಲದೆ 14 ಸಾವಿರ ಕಟ್ಟಿ ಬರುತ್ತಾರೆ. ನನಗೆ ಅದೇ ಸಂಕಟ.

ಆರನೇ ದಿನ ಕಂಪನಿಯ ಮೇಲಿನ ವಿಭಾಗದಿಂದ ಒಬ್ಬರು ಫೋನ್ ಮಾಡಿದರು. "ಒಂದು ಸಲಕ್ಕೆ ಮಾತ್ರ" ಎಂದು ಹೇಳಿ ಕವರು, ಹಿಂಜ್ ಎಲ್ಲ ಬಿಟ್ಟಿ ಹಾಕಿಕೊಟ್ಟರು. ಒಟ್ಟು ನಲವತ್ತೊಂದು ದಿನ. ಅಷ್ಟು ದಿನ ನಾನು ರಾತ್ರಿ ಹೊತ್ತು, ಭಾವ ಮಲಗಿದ ಮೇಲೆ, ಅವರ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಹಾಕಿಕೊಂಡು ಕೆಲಸ ಮುಗಿಸಿದೆ.

ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಸತ್ತೇ ಹೋಯಿತು. ಚಾರ್ಜರ್ ಹಾಕಿದರೆ ಲೈಟೂ ಇಲ್ಲ. ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಬೋರ್ಡೇ ಹೋಗಿದೆ ಎಂದರು. ಈ ಸಲ ವಾರಂಟಿ ತಕರಾರು ಮಾಡಲಿಲ್ಲ. ಆದರೆ ಸ್ಟಾಕ್ ಇಲ್ಲ, ಇಪ್ಪತ್ತಾರು ದಿನ ಕಾಯಿಸಿದರು. ಒಳಗೆ ಬಿಡುವ ಮೊದಲು ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡರು: ಡೇಟಾ ಹೋದರೆ ನಾವು ಜವಾಬ್ದಾರರಲ್ಲ. ಡೇಟಾ ಇರುವ ಎಸ್‌ಎಸ್‌ಡಿ ಬೇರೆ ಇರುತ್ತದೆ, ಬೋರ್ಡ್ ಬದಲಿಸಿದರೆ ಡೇಟಾಕ್ಕೆ ಏನೂ ಆಗಲ್ಲ ಎಂದು ಕೌಂಟರಿನವರೇ ಸಮಾಧಾನ ಹೇಳಿದರು.

ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ. 48 ಅಂಕಿ. ಇದನ್ನು ಎಲ್ಲರೂ ತಿಳಿದಿರಲೇಬೇಕು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಿನ ತುಂಬಾ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಡಿಸ್ಕಿಗೆ ತಾನಾಗೇ ಬೀಗ ಬಿದ್ದಿರುತ್ತದೆ. ಆ ಬೀಗದ ಕೈ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಇರುತ್ತದೆ. ಬೋರ್ಡ್ ಬದಲಾದರೆ ಹಳೆಯ ಕೈ ಹೋಯಿತು, ಆಗ ರಿಕವರಿ ಕೀ ಹಾಕದೆ ಡೇಟಾ ತೆರೆಯುವುದಿಲ್ಲ. ಆ ಕೀ ನಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ. ಆದರೆ ನನ್ನ ಅಕೌಂಟ್ ಯಾವುದು? ಕೊಂಡ ದಿನ ಅಂಗಡಿಯ ಹುಡುಗ "ಎಲ್ಲ ರೆಡಿ ಮಾಡಿ ಕೊಡ್ತೀನಿ ಮೇಡಂ" ಎಂದು ತಾನೇ ಒಂದು ಐಡಿ ಮಾಡಿ, ತಾನೇ ಪಾಸ್‌ವರ್ಡ್ ಹಾಕಿದ್ದ. ಪುಣ್ಯಕ್ಕೆ ನನ್ನ ಫೋನ್ ನಂಬರ್ ಕೊಟ್ಟಿದ್ದ. ಇಡೀ ಸಂಜೆ ಕೂತು, ಆ ನಂಬರಿನಿಂದ ಐಡಿ ಹುಡುಕಿ, ಪಾಸ್‌ವರ್ಡ್ ಬದಲಿಸಿ, ಕೀ ತೆಗೆದೆ. ಒಂದೊಂದೇ ಅಂಕಿ ಒತ್ತುವಾಗ ಕೈ ನಡುಗುತ್ತಿತ್ತು. ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಇತ್ತು ನಿಜ, ಆದರೆ ಆ ವಾರದ್ದು ಇರಲಿಲ್ಲ. ಸರ್ವಿಸ್ ಸೆಂಟರ್‌ನವರು ದಿನಕ್ಕೆ ಎಷ್ಟು ಬೋರ್ಡ್ ಬದಲಿಸುತ್ತಾರೋ, ಅವರಿಗೆ ಇದು ಗೊತ್ತಿರುವ ವಿಷಯವೇ. ತಗೊಳ್ಳುವಾಗಲೇ "ಕೀ ಬರೆದಿಟ್ಟುಕೊಂಡಿದ್ದೀರಾ" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ.

ಇನ್ನೊಂದು ಸಣ್ಣ ವಿಷಯ. ಕಂಪನಿ ವೆಬ್‌ಸೈಟಿನಲ್ಲಿ ನನ್ನ ವಾರಂಟಿ ಏಪ್ರಿಲ್‌ಗೇ ಮುಗಿಯುತ್ತದೆ ಎಂದು ತೋರಿಸುತ್ತಿತ್ತು. ಅವರು ಗೋದಾಮಿನಿಂದ ಕಳಿಸಿದ ದಿನದಿಂದ ಎಣಿಸಿದ್ದರು. ಬಿಲ್ಲು ಕಳಿಸಿದೆ, ಜೂನ್ ಎಂದು ಸರಿಮಾಡಿದರು. ಲ್ಯಾಪ್‌ಟಾಪ್ ತಂದ ವಾರವೇ ಸೀರಿಯಲ್ ನಂಬರ್ ಹಾಕಿ ದಿನಾಂಕ ನೋಡಿಕೊಳ್ಳಿ.

ಈಗ ಭಾವನ ಲ್ಯಾಪ್‌ಟಾಪು. ಅದೇ ಕಂಪನಿ, ಮುಚ್ಚಳದ ಮೇಲೆ ಅದೇ ಹೆಸರು. ಆದರೆ ಅದು ಆಫೀಸುಗಳಿಗೆಂದು ಮಾಡುವ ಬಿಸಿನೆಸ್ ಸೀರೀಸಿನದ್ದು. ಡೆಲ್‌ನಲ್ಲಿ ಲ್ಯಾಟಿಟ್ಯೂಡ್, ಎಚ್‌ಪಿಯಲ್ಲಿ ಎಲೈಟ್‌ಬುಕ್, ಲೆನೊವೊದಲ್ಲಿ ಥಿಂಕ್‌ಪ್ಯಾಡ್ ಎಂದು ಬರುತ್ತಿತ್ತಲ್ಲ, ಆ ಜಾತಿ. ಆವತ್ತು ಹದಿನೈದು ಸಾವಿರ ಜಾಸ್ತಿ ಕೊಟ್ಟಿದ್ದಕ್ಕೆ ಮನೆಯಲ್ಲಿ ಎಲ್ಲರೂ ಬೈದಿದ್ದೆವು. ಜೊತೆಗೆ ಮೂರು ವರ್ಷದ ಆನ್‌ಸೈಟ್ ವಾರಂಟಿ ಇತ್ತು, ಅಂದರೆ ಅವರೇ ಮನೆಗೆ ಬಂದು ಸರಿಮಾಡಬೇಕು. 2020ರಲ್ಲಿ ಕೀಬೋರ್ಡಿನ ಎರಡು ಕೀ ನಿಂತವು. ಭಾವ ಫೋನ್ ಮಾಡಿದರು. ಮೂರನೇ ದಿನ ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬ್ಯಾಗಿನಲ್ಲಿ ಕೀಬೋರ್ಡ್ ಹಾಕಿಕೊಂಡು ಬಸ್ಸಿನಲ್ಲಿ ಬಂದ, ನಮ್ಮ ಜಗಲಿಯಲ್ಲೇ ಕೂತು ಬದಲಿಸಿದ, ಚಹಾ ಕುಡಿದು ಹೋದ. ಮುಕ್ಕಾಲು ಗಂಟೆಯೂ ಆಗಲಿಲ್ಲ. ಆಮೇಲೆ ಬ್ಯಾಟರಿ ಒಂದು ಸಲ ಬದಲಾಗಿದೆ, ಅದು ಯಾವ ಲ್ಯಾಪ್‌ಟಾಪಿಗಾದರೂ ನಾಲ್ಕೈದು ವರ್ಷಕ್ಕೆ ಬರುವ ಖರ್ಚು. ಹಿಂಜ್ ಇವತ್ತಿಗೂ ಅಲುಗಿಲ್ಲ. ಬಿಚ್ಚಿ ನೋಡಿದಾಗ ರಿಪೇರಿ ಹುಡುಗ ಹೇಳಿದ, "ಅಕ್ಕ, ಇದರ ಸ್ಕ್ರೂ ಕೂತಿರೋದು ಲೋಹದ ಫ್ರೇಮಿಗೆ, ಪ್ಲಾಸ್ಟಿಕ್ಕಿಗಲ್ಲ."

ಹಾಗಾದರೆ ಯಾವ ಕಂಪನಿ ಒಳ್ಳೆಯದು ಎಂದು ನನ್ನನ್ನು ಕೇಳಿದವರಿಗೆ ಒಂದು ಹಳೆಯ ಲೆಕ್ಕ ಹೇಳುತ್ತೇನೆ. 2009ರಲ್ಲಿ ಅಮೆರಿಕದ ಸ್ಕ್ವೇರ್‌ಟ್ರೇಡ್ ಎಂಬ ವಾರಂಟಿ ಕಂಪನಿ ತಾನು ವಾರಂಟಿ ಕೊಟ್ಟಿದ್ದ 30 ಸಾವಿರ ಲ್ಯಾಪ್‌ಟಾಪುಗಳ ಲೆಕ್ಕ ತೆಗೆದಿತ್ತು. ಬಿದ್ದು ಒಡೆದದ್ದನ್ನೂ ಸೇರಿಸಿದರೆ ಮೂರು ವರ್ಷದಲ್ಲಿ ಮೂರಕ್ಕೆ ಒಂದರ ಹತ್ತಿರ ಕೆಟ್ಟಿದ್ದವು. ತಾನಾಗಿ ಕೆಟ್ಟವುಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಕೆಟ್ಟ ಏಸಸ್‌ನದ್ದು ನೂರಕ್ಕೆ 15.6, ಎಲ್ಲಕ್ಕಿಂತ ಹೆಚ್ಚು ಕೆಟ್ಟ ಎಚ್‌ಪಿಯದ್ದು 25.6. ಆವತ್ತಿನ ಸಾಲು ಇವತ್ತಿಗೆ ಲೆಕ್ಕಕ್ಕಿಲ್ಲ, ಮಾಡೆಲ್ಲೆಲ್ಲ ಬದಲಾಗಿವೆ. ನನಗೆ ಅದರಲ್ಲಿ ಕಂಡದ್ದು ಇಷ್ಟು: ಮೊದಲ ನಂಬರಿನ ಕಂಪನಿಯಲ್ಲೂ ಆರೇಳರಲ್ಲಿ ಒಂದು ಕೆಟ್ಟಿದೆ. ಲಕ್ಷಕ್ಕೂ ಮೇಲೆ ಬೆಲೆಯ ಆ್ಯಪಲ್ ಮ್ಯಾಕ್‌ಬುಕ್ಕುಗಳಲ್ಲೇ 2015ರಿಂದ ಬಂದ ತೆಳು ಕೀಬೋರ್ಡ್ ಕೈಕೊಟ್ಟು, 2018ರಲ್ಲಿ ಕಂಪನಿಯೇ ಬಿಟ್ಟಿ ರಿಪೇರಿ ಶುರು ಮಾಡಬೇಕಾಯಿತು. ಯಾರದ್ದಾದರೂ ಕೆಡುತ್ತದೆ. ಕೆಟ್ಟ ದಿನ ನಮ್ಮ ಮನೆ ಬಾಗಿಲಿಗೆ ಯಾರಾದರೂ ಬರುತ್ತಾರಾ, ಪಾರ್ಟ್ ಸಿಗುತ್ತದಾ, ಊರಿನ ಹುಡುಗ ಬಿಚ್ಚಿ ಸರಿಮಾಡಬಹುದಾ ಎಂಬುದೇ ನನಗೆ ಮುಖ್ಯ. ಡೆಲ್, ಎಚ್‌ಪಿ, ಲೆನೊವೊ ಮೂವರೂ ಇಂಥ ಸೀರೀಸುಗಳನ್ನು ಬಿಚ್ಚುವ ಕೈಪಿಡಿಯನ್ನು ವೆಬ್‌ಸೈಟಿನಲ್ಲೇ ಬಿಟ್ಟಿ ಇಟ್ಟಿರುತ್ತಾರೆ. ನಮ್ಮ ಹುಡುಗ ಅದನ್ನು ಫೋನಿನಲ್ಲಿ ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಾನೆ.

ದುಡ್ಡು ಕಡಿಮೆ ಇರುವವರಿಗೆ ಅವನು ಹೇಳುವುದು, ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್ ನೋಡಿ ಎಂದು. ಅಲ್ಲಿನ ಎಸ್.ಪಿ. ರೋಡಿನಲ್ಲಿ ರಾಶಿ ಸಿಗುತ್ತವೆ. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಶನ್ ಅಥವಾ ಅದರ ಮೇಲಿನದ್ದೇ ಇರಲಿ, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಸರಿಯಾಗಿ ಹಾಕಲು ಬರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಲೆನಾಡಿನವರಿಗೆ ಅವನ ಇನ್ನೊಂದು ಮಾತು: ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಡಬೇಡಿ, ಥಂಡಿಗೆ ಚಾರ್ಜಿಂಗ್ ಪಿನ್ ಕಿಲುಬು ಹಿಡಿಯುತ್ತದೆ. ಆ ಕಿಲುಬು ಕಂಡರೆ ವಾರಂಟಿಯೂ ಹೋಯಿತು.

ಹೋದ ತಿಂಗಳು ನಾದಿನಿಯ ಮಗಳಿಗೆ ಕಾಲೇಜಿಗೆಂದು ಹೊಸದು ತಗೊಳ್ಳಲು ಹೋಗಿದ್ದೆವು. ಅಂಗಡಿಯವರು ಬಣ್ಣ, ತೂಕ, ಸ್ಕ್ರೀನು ಎಲ್ಲ ತೋರಿಸಿದರು. ನಾನು ವಾರಂಟಿ ಆನ್‌ಸೈಟೋ ಕ್ಯಾರಿ-ಇನ್ನೋ ಎಂದು ಕೇಳಿದೆ. ಆನ್‌ಸೈಟ್ ಎಂದರು. "581401ಕ್ಕೆ ಬರ್ತಾರಾ? ಕಂಪನಿಗೆ ಫೋನ್ ಮಾಡಿ ಕೇಳಿ, ಸ್ಪೀಕರ್ ಹಾಕಿ" ಎಂದೆ. ಪಾಪ, ಬೇಸರ ಮಾಡಿಕೊಳ್ಳದೆ ಮಾಡಿದರು. ಹತ್ತು ನಿಮಿಷ ಕಾದ ಮೇಲೆ ಆ ಕಡೆಯವರು ಪಿನ್‌ಕೋಡ್ ನೋಡಿ ಬರುತ್ತೇವೆ ಎಂದರು, ಇಮೇಲ್‌ನಲ್ಲೂ ಕಳಿಸಿದರು. ಆಮೇಲೆ ದುಡ್ಡು ಕೊಟ್ಟೆವು. ಮೈಕ್ರೋಸಾಫ್ಟ್ ಐಡಿಯನ್ನು ಅಂಗಡಿಯಲ್ಲಿ ಮಾಡಿಸಲಿಲ್ಲ, ಹುಡುಗಿ ಮನೆಗೆ ಬಂದು ತಾನೇ ಮಾಡಿಕೊಂಡಳು. ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು "ಅತ್ತೆ, ನಿಮ್ಮ ಫೈಲಿನಲ್ಲೂ ಒಂದು ಇರ್ಲಿ" ಎಂದು ಕೊಟ್ಟಿದ್ದಾಳೆ. ಬಿಲ್ಲಿನ ಹಿಂದೆ ಪಿನ್ ಹಾಕಿ ಇಟ್ಟಿದ್ದೇನೆ.